ಒಂಟಿ ಮನೆಗೆ ಎಂಥ ನಾಯಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೋಟದ ನಡುವಿನ ಒಂಟಿ ಮನೆ. ಹತ್ತಿರದ ಮನೆಗೆ ಅರ್ಧ ಕಿಲೋಮೀಟರ್ ದೂರ. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಮನೆಯಲ್ಲಿರುವುದು ನಾನು, 76 ವರ್ಷದ ಅತ್ತೆ, 6 ವರ್ಷದ ಮಗ. ಕಳೆದ ಸುಗ್ಗಿಯಲ್ಲಿ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯಲ್ಲಿ ಎರಡು ಮೂಟೆಯಷ್ಟು ರಾತ್ರೋರಾತ್ರಿ ಹೋಯಿತು. ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ತಮ್ಮ ರಾಟ್‌ವೀಲರ್ ತಂದು ಕಟ್ಟು ಅನ್ನುತ್ತಾನೆ. ಪಕ್ಕದ ಊರಿನವರು ಮುಧೋಳ ಅನ್ನುತ್ತಾರೆ. ಶಿವಮೊಗ್ಗದಲ್ಲಿ ಒಬ್ಬರು 35 ದಿನದ ಡಾಬರ್‌ಮನ್ ಮರಿ ಕೊಡುತ್ತೇನೆ ಅಂದಿದ್ದಾರೆ. ಹಗಲೆಲ್ಲ ಕತ್ತಲೆ ಗೂಡಿನಲ್ಲಿ ಕಟ್ಟಿ ರಾತ್ರಿ ಬಿಟ್ಟರೆ ಜೋರಾಗುತ್ತದಂತೆ. ಹಸಿ ಮಾಂಸ ಹಾಕಬೇಕಂತೆ. ಹೊರಗಿನವರ ಕೈಯಲ್ಲಿ ಮುಟ್ಟಿಸಬಾರದಂತೆ. ಹೆಣ್ಣು ನಾಯಿ ಬೇಡವಂತೆ. ನಮ್ಮ ಕಡೆ ಚಿರತೆ ಓಡಾಟವೂ ಇದೆ. ಎರಡು ವರ್ಷದ ಹಿಂದೆ ನಮ್ಮ ಹಳೇ ನಾಯಿಯನ್ನು ಅಂಗಳದಿಂದಲೇ ಹೊತ್ತೊಯ್ದಿತ್ತು. ಯಾವ ನಾಯಿ ತರಲಿ?

ಉತ್ತರ: ಅಡಿಕೆ ಹೋಗಿದ್ದು ಒಂದೇ ರಾತ್ರಿ. ನಿಮ್ಮ ನಿದ್ದೆ ಹೋಗಿದ್ದು ಅಂದಿನಿಂದ ಇಂದಿನವರೆಗೆ. ಅದಕ್ಕೇ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತೇನೆ. ಮಲೆನಾಡಿನ ಪಶು ಆಸ್ಪತ್ರೆಗಳಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ಕಾವಲಿಗೆ ಅಂತ ತಂದ ನಾಯಿಗಳನ್ನು ಮೇಜಿನ ಮೇಲೆ ನೋಡಿದ್ದೇನೆ, ಅವು ಕಚ್ಚಿದ ಜನರನ್ನೂ ನೋಡಿದ್ದೇನೆ. ಹಾಗಾಗಿ ಜಾತಿಯ ಹೆಸರು ಹೇಳುವ ಮೊದಲು ಬೇರೆ ಒಂದೆರಡು ವಿಷಯ ಇತ್ಯರ್ಥ ಮಾಡಿಕೊಳ್ಳೋಣ.

ರಾತ್ರಿ ಎರಡು ಗಂಟೆಗೆ ಅಂಗಳಕ್ಕೆ ಯಾರೋ ಕಾಲಿಟ್ಟರು ಅಂತಿಟ್ಟುಕೊಳ್ಳಿ. ಆಗ ನಾಯಿ ಏನು ಮಾಡಬೇಕು? ಕೂಗಿ ನಿಮ್ಮನ್ನು ಎಬ್ಬಿಸಬೇಕಾ? ಅಡ್ಡ ನಿಂತು ಗುರುಗುಟ್ಟಬೇಕಾ? ಹಾರಿ ಹಿಡಿಯಬೇಕಾ? ಕಾವಲು ಅನ್ನುವ ಒಂದೇ ಮಾತಿನೊಳಗೆ ಈ ಮೂರು ಬೇರೆ ಬೇರೆ ಕೆಲಸಗಳಿವೆ. ಕೂಗುವುದು ಹೆಚ್ಚುಕಮ್ಮಿ ಎಲ್ಲ ನಾಯಿಗೂ ಹುಟ್ಟಿನಿಂದ ಬರುತ್ತದೆ. ನಮಗೆ ಕೇಳಿಸುವುದು 20 ಸಾವಿರ ಹರ್ಟ್ಜ್‌ವರೆಗೆ, ನಾಯಿಗೆ ಸುಮಾರು 45 ಸಾವಿರದವರೆಗೆ. ತೋಟದ ಅಂಚಿನಲ್ಲಿ ಸೋಗೆ ಮೇಲೆ ಹೆಜ್ಜೆ ಬಿದ್ದ ಸದ್ದು ನಿಮಗಿಂತ ಎಷ್ಟೋ ಮೊದಲು ಅದಕ್ಕೆ ಸಿಗುತ್ತದೆ. ಅಡ್ಡ ನಿಲ್ಲುವುದಕ್ಕೆ ಮೈಕಟ್ಟು ಬೇಕು, ಧೈರ್ಯ ಬೇಕು. ಇನ್ನು ಹಿಡಿಯುವ ಕೆಲಸ. ಅದಕ್ಕೆ ತರಬೇತಿ ಬೇಕು. ಬಿಡು ಅಂದ ಕ್ಷಣ ಬಿಡಿಸುವಷ್ಟು ಹಿಡಿತ ಇರುವ ಮನುಷ್ಯ ಪಕ್ಕದಲ್ಲೇ ಇರಬೇಕು. ಪೊಲೀಸ್ ನಾಯಿಯ ಜೊತೆ ಅದರ ಪಾಲಕ ಸದಾ ಇರುವುದು ಇದಕ್ಕೇ.

ನಿಮ್ಮ ಮನೆಯಲ್ಲಿ ವಾರಕ್ಕೆ ಐದು ರಾತ್ರಿ ಆ ಮನುಷ್ಯ ಇಲ್ಲ. ಆದ್ದರಿಂದ ನಿಮಗೆ ಬೇಕಿರುವುದು ಕೂಗಿ ಹೇಳುವ ನಾಯಿ. ಸ್ವಲ್ಪ ಅಡ್ಡ ನಿಲ್ಲುವಂಥದ್ದಾದರೆ ಇನ್ನೂ ಒಳ್ಳೆಯದು. ಹಿಡಿಯುವ ನಾಯಿ ಖಂಡಿತ ಬೇಡ. ಅಡಿಕೆ ಕದಿಯಲು ಬರುವವನಿಗೆ ಬೇಕಾಗಿರುವುದು ಕತ್ತಲೆ ಮತ್ತು ಸದ್ದಿಲ್ಲದ ಅರ್ಧ ಗಂಟೆ. ನಾಯಿ ಕೂಗಿ, ಮನೆಯೊಳಗೆ ದೀಪ ಹತ್ತಿ, ಯಾರೋ ಕೆಮ್ಮಿದರೆ ಆ ಅರ್ಧ ಗಂಟೆ ಅವನ ಕೈತಪ್ಪುತ್ತದೆ. ನಮ್ಮ ಕಡೆ ಕಳ್ಳತನ ನಿಂತ ಮನೆಗಳಲ್ಲಿ ನಾನು ಕಂಡಿದ್ದು ಇಷ್ಟೇ.

ಇನ್ನು ಸುಗ್ಗಿಯ ಹೊತ್ತನ್ನು ನೆನಪಿಸಿಕೊಳ್ಳಿ. ಅಡಿಕೆ ಗೊನೆ ತೆಗೆಯುವವರು ಬರುತ್ತಾರೆ. ಸುಲಿಯಲು ಹತ್ತು ಹದಿನೈದು ಜನ ಸಂಜೆ ಮೇಲೂ ಚಪ್ಪರದಡಿ ಕೂತಿರುತ್ತಾರೆ. ಅವರ ಮಕ್ಕಳು ಅಂಗಳದಲ್ಲಿ ಓಡುತ್ತಿರುತ್ತವೆ. ಬೇಯಿಸುವವರು, ಮೂಟೆ ಹೊರುವವರು, ವಾಹನದವರು ಎಲ್ಲ ಇರುತ್ತಾರೆ. ಇಷ್ಟು ಹೊಸ ಮುಖಗಳ ನಡುವೆ ಸುಮ್ಮನಿದ್ದು, ಅವರೆಲ್ಲ ಹೋದ ಮೇಲೆ ಬರುವ ಒಬ್ಬನಿಗೆ ಕೂಗಬೇಕು. ಕಾವಲು ನಾಯಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ. ಕಂಡವರನ್ನೆಲ್ಲ ಕಚ್ಚಲು ಹೋಗುವ ನಾಯಿಯನ್ನು ಅಂಥ ಹೊತ್ತಿನಲ್ಲಿ ಏನು ಮಾಡುತ್ತೀರಿ? ಎರಡು ತಿಂಗಳು ಕೋಣೆಯಲ್ಲಿ ಕೂಡಿಹಾಕುತ್ತೀರಿ. ಕಾವಲು ಬೇಕಾದ ಎರಡೇ ತಿಂಗಳು ನಾಯಿ ಒಳಗಿರುತ್ತದೆ.

ಈಗ ಜನ ಹೇಳಿದ ಮಾತುಗಳಿಗೆ ಬರೋಣ.

ಹಗಲೆಲ್ಲ ಕತ್ತಲೆ ಗೂಡಿನಲ್ಲಿ ಕಟ್ಟಿದರೆ ಜೋರಾಗುತ್ತದೆ ಅನ್ನುವುದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಜಾಸ್ತಿ ಹಾನಿ ಮಾಡಿರುವ ಮಾತು ಅದು. ಕೆಲವು ವರ್ಷದ ಹಿಂದೆ ಒಂದು ತೋಟದ ಮನೆಯಿಂದ ನನಗೆ ಕರೆ ಬಂತು. ನಾಯಿಯ ಕುತ್ತಿಗೆಯಿಂದ ವಾಸನೆ ಬರುತ್ತಿದೆ, ಹತ್ತಿರ ಹೋಗಲು ಬಿಡುತ್ತಿಲ್ಲ ಅಂದರು. ಹೋಗಿ ನೋಡಿದರೆ ಜರ್ಮನ್ ಶೆಫರ್ಡ್, ಮೂರು ವರ್ಷದ್ದು. ಹಲಸಿನ ಮರಕ್ಕೆ ಎಂಟಡಿ ಸರಪಳಿ. ಸರಪಳಿ ಎಟುಕುವಷ್ಟು ದೂರಕ್ಕೆ ಮರದ ಸುತ್ತ ಹುಲ್ಲು ಹೋಗಿ, ಮಣ್ಣು ಸವೆದು, ಅಳತೆ ಹಿಡಿದು ಕೊರೆದ ಹಾಗೆ ಒಂದು ವೃತ್ತ ಬಿದ್ದಿತ್ತು. ಮರಿಯಿದ್ದಾಗ ಹಾಕಿದ್ದ ಕೊರಳಪಟ್ಟಿಯನ್ನು ಯಾರೂ ಸಡಿಲಿಸಿರಲಿಲ್ಲ. ಅದು ಚರ್ಮದೊಳಗೆ ಇಳಿದಿತ್ತು, ಹುಣ್ಣಿನಲ್ಲಿ ಹುಳು ಆಡುತ್ತಿದ್ದವು. ಮಂಪರು ಬರುವ ಚುಚ್ಚುಮದ್ದು ಕೊಟ್ಟು ಪಟ್ಟಿ ಕತ್ತರಿಸಿದೆವು. ಆ ನಾಯಿ ಹಿಂದಿನ ತಿಂಗಳಷ್ಟೇ ಊಟ ತಂದ ಮನೆಯ ಹುಡುಗಿಯ ಕೈ ಸೀಳಿತ್ತು. ಆ ಮನೆಯವರು ನನಗೆ ಹೇಳಿದ ಇನ್ನೊಂದು ಮಾತು ಕೇಳಿ. ಅದೇ ಮನೆಯಿಂದ ಪಂಪ್‌ಸೆಟ್ಟಿನ ವೈರ್ ಎರಡು ಸಲ ಕಳುವಾಗಿತ್ತು. ನಾಯಿ ಕೂಗಿತ್ತು ಅಂತೆ. ಆದರೆ ಅದು ಹಗಲೂ ರಾತ್ರಿ ಕೂಗುತ್ತಲೇ ಇರುತ್ತಿತ್ತು. ಯಾರೂ ಎದ್ದು ನೋಡಲಿಲ್ಲ.

ಕಟ್ಟಿಹಾಕಿದ ನಾಯಿಗೆ ಓಡಿಹೋಗುವ ದಾರಿ ಇರುವುದಿಲ್ಲ. ಹೆದರಿಕೆ ಆದಾಗ ಅದಕ್ಕೆ ಉಳಿಯುವುದು ಹಲ್ಲು ಮಾತ್ರ. ನಾವು ಜೋರು ಅಂದುಕೊಳ್ಳುವುದು ಬಹಳ ಸಲ ಹೆದರಿಕೆ. ಹೆದರಿದ ನಾಯಿ ಕಳ್ಳನನ್ನೂ ಕೂಸನ್ನೂ ಬೇರೆ ಮಾಡಿ ನೋಡುವುದಿಲ್ಲ. ಕಾನೂನೂ ಇದನ್ನು ಒಪ್ಪುವುದಿಲ್ಲ. ಅತಿ ಚಿಕ್ಕ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಕಟ್ಟಿದ ನಾಯಿಯನ್ನು ಓಡಾಡಿಸದೇ ಇರುವುದು ಎರಡೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಹಸಿ ಮಾಂಸ, ಖಾರ ಇವುಗಳಿಂದ ಸ್ವಭಾವ ಬದಲಾಗುವುದಿಲ್ಲ. ಖಾರದಿಂದ ಹೊಟ್ಟೆ ಕೆಡುತ್ತದೆ, ಹಸಿ ಮಾಂಸದಿಂದ ಜಂತು ಬರಬಹುದು. ಅಂಗುಳ ಕಪ್ಪಿದ್ದರೆ ಜೋರು, ಉಗುರು ಜಾಸ್ತಿ ಇದ್ದರೆ ಒಳ್ಳೆ ಕಾವಲು ಅಂತ ಕೆಲವರು ಎಣಿಸುತ್ತಾರೆ. ಅದಕ್ಕೂ ಗುಣಕ್ಕೂ ಸಂಬಂಧ ಇಲ್ಲ. ಕಿವಿ ಹಿಡಿದೆತ್ತಿದಾಗ ಅಳದ ಮರಿ ಗಟ್ಟಿ ಅನ್ನುವುದನ್ನಂತೂ ದಯವಿಟ್ಟು ಯಾರೂ ಮಾಡಿ ನೋಡಬೇಡಿ. ಅದು ಆ ಮರಿಗೆ ನೋವು, ಅಷ್ಟೇ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆ ಇದೆಯಲ್ಲ, ಅದನ್ನೂ ನಂಬಬೇಡಿ. ಬೊಗಳಿ ಕಚ್ಚಿದ ನಾಯಿಗಳ ಗಾಯ ನಾನು ಬೇಕಾದಷ್ಟು ನೋಡಿದ್ದೇನೆ.

ಹೊರಗಿನವರ ಕೈಯಲ್ಲಿ ಮುಟ್ಟಿಸಬಾರದು ಅನ್ನುವ ಮಾತಿಗೆ ಸ್ವಲ್ಪ ನಿಂತು ಉತ್ತರ ಹೇಳಬೇಕು. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಎಲ್ಲರ ಜೊತೆ ಸಲುಗೆ ಆದರೆ ಕಳ್ಳನಿಗೂ ಬಾಲ ಆಡಿಸೀತು ಅಂತ ಭಯ. ಆದರೆ ಮರಿಯ ಮನಸ್ಸು ಬೆಳೆಯುವ ರೀತಿ ಬೇರೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಅದು ಲೋಕ ಅಂದರೆ ಏನು ಅಂತ ಕಲಿಯುತ್ತದೆ. ಆ ಹೊತ್ತಿನಲ್ಲಿ ಟೋಪಿ ಹಾಕಿದವರು, ಕೋಲು ಹಿಡಿದ ಅಜ್ಜ, ಅಳುವ ಮಗು, ಬೈಕು, ದನ, ಕಳೆ ಕತ್ತರಿಸುವ ಯಂತ್ರ ಇವನ್ನೆಲ್ಲ ಕಂಡಿದ್ದರೆ ಅವು ಮಾಮೂಲು ಅಂತ ಮನಸ್ಸಿನಲ್ಲಿ ಕೂರುತ್ತದೆ. ಕಾಣದಿದ್ದರೆ ಮುಂದೆ ಜೀವನಪೂರ್ತಿ ಪ್ರತಿಯೊಂದಕ್ಕೂ ಬೆಚ್ಚುತ್ತದೆ. ಮಾಮೂಲು ಯಾವುದು ಅಂತ ಗೊತ್ತಿರುವ ನಾಯಿಗೆ ಮಾತ್ರ ಮಾಮೂಲಲ್ಲದ್ದು ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಬೇಲಿ ದಾಟಿ ಬಂದವನು ಅದಕ್ಕೆ ಯಾವತ್ತೂ ಮಾಮೂಲಾಗುವುದಿಲ್ಲ. ಹಗಲು ಕೆಲಸದವರ ಕಾಲ ಬಳಿ ಮಲಗುವ ನಾಯಿ ಅದೇ ರಾತ್ರಿ ಮೈಯೆಲ್ಲ ನಿಮಿರಿಸಿ ಕೂಗುವುದನ್ನು ನೀವೇ ನೋಡುತ್ತೀರಿ.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಕದಿಯುವವನು ನಾಯಿಗೆ ಪರಿಚಯದವನೇ ಆಗಿದ್ದರೆ ಅದು ಕೂಗದೇ ಇರಬಹುದು. ಅಡಿಕೆ ಎಲ್ಲಿ ಹರಡಿದೆ, ಯಜಮಾನರು ಯಾವತ್ತು ಇರುವುದಿಲ್ಲ ಅಂತ ಗೊತ್ತಿದ್ದವರೇ ಎಷ್ಟೋ ಸಲ ಬರುತ್ತಾರೆ. ಬಂದವರ ಮೇಲೆಲ್ಲ ಅನುಮಾನ ಪಡಿ ಅಂತ ಖಂಡಿತ ಹೇಳುತ್ತಿಲ್ಲ. ನಾಯಿ ಇದೆ ಅಂತ ಒಣಗಿದ ಅಡಿಕೆಯನ್ನು ಹೊರಗೆ ಬಿಡಬೇಡಿ ಅಂತ ಹೇಳುತ್ತಿದ್ದೇನೆ. ಒಣಗಿ ಬಂದದ್ದನ್ನು ಅವತ್ತವತ್ತೇ ಮೂಟೆ ಕಟ್ಟಿ ಒಳಗೆ ಹಾಕಿ ಬೀಗ ಹಾಕಿ. ಅಂಗಳದ ಎರಡು ಮೂಲೆಗೆ ಅಲುಗಾಟಕ್ಕೆ ತಾನೇ ಹತ್ತುವ ದೀಪ ಹಾಕಿಸಿ. ನಮ್ಮ ಕಡೆ ಕರೆಂಟ್ ಹೋಗುವುದು ಜಾಸ್ತಿ, ಆದ್ದರಿಂದ ಸೌರ ದೀಪವೇ ಆಗಲಿ. ನಾಯಿ, ದೀಪ, ಬೀಗ ಮೂರೂ ಒಟ್ಟಿಗೆ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಈಗ ಜಾತಿಯ ವಿಷಯ.

ರಾಟ್‌ವೀಲರ್ ಕೆಟ್ಟ ನಾಯಿ ಅಲ್ಲ. ಒಳ್ಳೆ ಕೈಯಲ್ಲಿ ಬೆಳೆದ ರಾಟ್‌ವೀಲರ್ ತುಂಬ ಸಮಾಧಾನದ ಪ್ರಾಣಿ. ಆದರೆ ಗಂಡು 50ರಿಂದ 60 ಕೆಜಿ ತೂಗುತ್ತದೆ. ನಿಮ್ಮ ಮಗ ಹೆಚ್ಚೆಂದರೆ 20 ಕೆಜಿ ಇರಬಹುದು. ಅತ್ತೆ ಅಂಗಳದಲ್ಲಿ ತುಳಸಿಗೆ ನೀರು ಹಾಕುವಾಗ ಅದು ಪ್ರೀತಿಯಿಂದ ಮೈಮೇಲೆ ಬಂದರೂ ಸಾಕು, 76ನೇ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆಯ ಗತಿ ಏನು? ಅದಕ್ಕೆ ದಿನಾ ಶಿಸ್ತು ಕಲಿಸಬೇಕು, ಅದೂ ಒಂದೇ ಕೈ ಕಲಿಸಬೇಕು. ನಿಮಗೆ ಮನೆ, ಮಗು, ತೋಟ, ಕೊಟ್ಟಿಗೆ ಎಲ್ಲ ನೋಡಿಕೊಂಡು ಅಷ್ಟು ಹೊತ್ತು ಸಿಗುತ್ತದಾ? ಈ ಜಾತಿಗೆ ನಿಷೇಧ ಇದೆಯಲ್ಲ ಅಂತ ಯಾರಾದರೂ ಹೇಳಿದ್ದರೆ ಅದರ ಕಥೆ ಇಷ್ಟು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ಜಾತಿಗಳನ್ನು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತ್ತು. ರಾಟ್‌ವೀಲರ್ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ನಾನು ಬೇಡ ಅನ್ನುತ್ತಿರುವುದಕ್ಕೆ ಕಾರಣ ಆ ಪಟ್ಟಿ ಅಲ್ಲ, ನಿಮ್ಮ ಮನೆಯ ಪರಿಸ್ಥಿತಿ.

ಡಾಬರ್‌ಮನ್ ಚುರುಕು, ಬೇಗ ಕಲಿಯುತ್ತದೆ. ಆದರೆ ಅದು ಮನುಷ್ಯರಿಗೆ ಅಂಟಿಕೊಂಡಿರುವ ನಾಯಿ. ಒಂಟಿಯಾಗಿ ಹೊರಗೆ ಬಿಟ್ಟರೆ ಕೊರಗುತ್ತದೆ. ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ನಿಮ್ಮ ಆಷಾಢದ ಮಳೆ ಚಳಿಗೆ ನಡುಗುತ್ತದೆ. ಹೃದಯದ ಸ್ನಾಯು ಸೋಲುವ ಕಾಯಿಲೆ ಈ ಜಾತಿಗೆ ಹೆಚ್ಚು. ಜರ್ಮನ್ ಶೆಫರ್ಡ್‌ನದು ಇದಕ್ಕೆ ತದ್ವಿರುದ್ಧ. ಎರಡು ಪದರದ ದಟ್ಟ ಕೂದಲು, ಅದರೊಳಗೆ ಮಲೆನಾಡಿನ ತೇವ, ರಕ್ತ ಹೀರುವ ಉಣ್ಣೆ ಹುಳ. ಉಣ್ಣೆಯಿಂದ ಬರುವ ಜ್ವರಕ್ಕೆ ನಮ್ಮ ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಇವೇ ಎದ್ದು ಕಾಣುತ್ತವೆ. ಸೊಂಟದ ಕೀಲಿನ ತೊಂದರೆಯೂ ಉಂಟು.

ಅಂದ ಹಾಗೆ, ಆ 35 ದಿನದ ಮರಿಯನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ. ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ. ತಾಯಿ ಮತ್ತು ಒಡಹುಟ್ಟುಗಳ ಜೊತೆ ಆಡುವಾಗಲೇ ಮರಿ ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಅಂತ ಕಲಿಯುವುದು. ಬೇಗ ಬೇರೆ ಮಾಡಿದ ಮರಿಗೆ ಆ ಪಾಠ ತಪ್ಪಿಹೋಗುತ್ತದೆ. ಲಸಿಕೆ ಆಗದ ಅಷ್ಟು ಚಿಕ್ಕ ಮರಿಗೆ ದಾರಿಯಲ್ಲೇ ಪಾರ್ವೊ ಅನ್ನುವ ವೈರಸ್ ಕಾಯಿಲೆ ತಗುಲಬಹುದು. ರಕ್ತಭೇದಿ ಶುರುವಾಗಿ ಎರಡು ಮೂರು ದಿನದಲ್ಲಿ ಕಣ್ಣು ಮುಚ್ಚಿದ ಮರಿಗಳನ್ನು ಮಕ್ಕಳ ಮಡಿಲಿನಲ್ಲಿ ನೋಡಿದ್ದೇನೆ. ಆ ಅಳು ನಿಮ್ಮ ಮಗನಿಗೆ ಬರುವುದು ಬೇಡ.

ಮುಧೋಳದ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿ ಉಳಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೂ ಹೋದವು. ಆದರೆ ಮುಧೋಳ ಹುಟ್ಟಾ ಬೇಟೆ ನಾಯಿ. ದೂರದಲ್ಲಿ ಅಲುಗಿದ್ದನ್ನು ಕಣ್ಣಿನಿಂದ ಹಿಡಿದು ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಬೇಟೆಯೇ ಬೇರೆ, ಕಾವಲೇ ಬೇರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಾಳಿ ಅನ್ನುವ ನಾಯಿಗೆ ನಿಲ್ಲಿಸಿದ ವೀರಗಲ್ಲು ಸಿಕ್ಕಿದೆ, ಸುಮಾರು ಕ್ರಿ.ಶ. 950ರದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಂದ ಮಣಲೇರ ಅನ್ನುವ ವೀರ ಆ ನಾಯಿಯನ್ನು ಕೇಳಿ ಪಡೆದಿದ್ದ. ಹಂದಿಯ ಮೇಲೆ ಬಿದ್ದು ಹಂದಿಯನ್ನೂ ಕೊಂದು ತಾನೂ ಸತ್ತಿತು. ಆ ಕಲ್ಲನ್ನು ನೆನೆದಾಗೆಲ್ಲ ನನಗೆ ಕಣ್ಣು ತುಂಬುತ್ತದೆ. ಆದರೆ ನಿಮ್ಮ ಅಂಗಳಕ್ಕೆ ಬೇಕಾದ ಗುಣ ಅದಲ್ಲ. ಬೇಟೆ ನಾಯಿ ತೋಟದಲ್ಲಿ ಹಂದಿಯ ಹಿಂದೆ, ನವಿಲಿನ ಹಿಂದೆ ಓಡುತ್ತದೆ. ಕಾಡಂಚಿನಲ್ಲಿ ಉರುಳಿಗೆ ಸಿಕ್ಕಿ ಸತ್ತ ಇಂಥ ನಾಯಿಗಳು ಕಡಿಮೆಯಲ್ಲ. ಮುಧೋಳಕ್ಕೆ ಓಡಲು ಬಯಲು ಬೇಕು, ಸುತ್ತ ಬೇಲಿ ಬೇಕು. ಗದರಿದರೆ ಮುದುಡುವ ಸೂಕ್ಷ್ಮ ಸ್ವಭಾವ. ಬಯಲುಸೀಮೆಯ ಹೊಲದ ಮನೆಯವರು ಕೇಳಿದ್ದರೆ ಖುಷಿಯಿಂದ ಹೂಂ ಅನ್ನುತ್ತಿದ್ದೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಬೇಕಿದ್ದವರು ಅಲ್ಲಿ ವಿಚಾರಿಸಬಹುದು.

ತಮಿಳುನಾಡಿನ ರಾಜಪಾಳ್ಯಂ ತಳಿಗೆ ಕಾವಲಿನ ಒಳ್ಳೆ ಹೆಸರಿದೆ. ಆದರೆ ಬಿಳಿ ಮೈಯ ಈ ತಳಿಯಲ್ಲಿ ಹುಟ್ಟು ಕಿವುಡು ಉಂಟು. ತರುವುದಾದರೆ ಮರಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ. ಕೂಗಿ ಎಬ್ಬಿಸಬೇಕಾದ ನಾಯಿಗೆ ಕಿವಿ ಕೇಳದಿದ್ದರೆ ಏನು ಮಾಡುವುದು?

ನಿಮ್ಮ ಮನೆಗೆ ನಾನು ಹೇಳುವುದು ಊರ ನಾಯಿ. ಅದರಲ್ಲೂ ಹೆಣ್ಣು. ನಾಡು ನಾಯಿ, ಬೀದಿ ನಾಯಿ ಅಂತ ಸಸಾರ ಮಾಡಬೇಡಿ. ಈ ಮಳೆಗೆ, ಈ ಊಟಕ್ಕೆ ತಲೆಮಾರುಗಳಿಂದ ಹೊಂದಿಕೊಂಡ ಮೈ ಅದು. 15ರಿಂದ 20 ಕೆಜಿ ಇರುತ್ತದೆ, ನೀವೂ ಅತ್ತೆಯೂ ಹಿಡಿದು ನಿಲ್ಲಿಸಬಹುದು. ಕಿವಿ ಚುರುಕು, ಹೊಸಬರ ಮೇಲೆ ಹುಟ್ಟಿನಿಂದಲೇ ಒಂದು ಕಣ್ಣು. ನಮ್ಮ ಮನೆಯಲ್ಲೇ ಕೆಂಪಿ ಅಂತ ಒಂದಿತ್ತು, ಹದಿಮೂರು ವರ್ಷ ಬಾಳಿತು. ಹಾವು ಕಂಡರೆ ನಿಂತಲ್ಲೇ ಒಂದೇ ಸಮ ಕೂಗುತ್ತಿತ್ತು. ಮಂಗ ಬಂದರೆ ಓಡಿಕೊಂಡು ಕೂಗುತ್ತಿತ್ತು. ಮನುಷ್ಯರು ಬಂದರೆ ಮೊದಲು ಎರಡು ಸಲ ಗುರ್ ಅಂದು, ಜಗಲಿ ಮೆಟ್ಟಿಲಿನವರೆಗೆ ಹಿಂದೆ ಬಂದು, ಆಮೇಲೆ ಜೋರು ಕೂಗು. ಒಳಗೆ ಮಲಗಿದ್ದಲ್ಲೇ ನನ್ನ ಹೆಂಡತಿ ಇವತ್ತು ಯಾರು ಬಂದದ್ದು ಅಂತ ಹೇಳುತ್ತಿದ್ದಳು. ಇದನ್ನು ಯಾರೂ ಕಲಿಸಿದ್ದಲ್ಲ. ಮನೆಯವರ ಜೊತೆ ಮನೆಯ ಮಗುವಿನ ಹಾಗೆ ಇದ್ದಿದ್ದಕ್ಕೆ ಅದಕ್ಕೆ ನಮ್ಮ ದಿನಚರಿ ಗೊತ್ತಿತ್ತು, ನಮಗೆ ಅದರ ಭಾಷೆ ಗೊತ್ತಾಗಿತ್ತು.

ಹೆಣ್ಣು ಯಾಕೆ ಅಂದರೆ ಗಂಡು ನಾಯಿ ಊರಲ್ಲಿ ಎಲ್ಲೋ ಒಂದು ಹೆಣ್ಣು ಬೆದೆಗೆ ಬಂತು ಅಂದರೆ ಮೂರು ನಾಲ್ಕು ರಾತ್ರಿ ಮನೆ ಕಡೆ ತಲೆ ಹಾಕುವುದಿಲ್ಲ. ಹೆಣ್ಣು ಮನೆ ಬಿಟ್ಟು ಹೋಗುವುದು ಕಡಿಮೆ. ಮರಿ ಹಾಕುವ ತಾಪತ್ರಯ ಬೇಡ ಅಂದರೆ ಆರನೇ ತಿಂಗಳ ಸುಮಾರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಮಾಡಿಸಿದರೆ ಮೆತ್ತಗಾಗುತ್ತದೆ, ಕಾವಲು ಬಿಡುತ್ತದೆ ಅನ್ನುವುದು ಸುಳ್ಳು. ಸ್ವಲ್ಪ ದಪ್ಪ ಆಗಬಹುದು, ಊಟ ಹಿಡಿತದಲ್ಲಿಟ್ಟರೆ ಸಾಕು.

ಊರ ನಾಯಿಯಲ್ಲೂ ಅಪಾಯ ಇಲ್ಲದಿಲ್ಲ. ತಾಯಿಯ ಗುಣ ಗೊತ್ತಿಲ್ಲದ ಮರಿ ಹೇಗೆ ಬೆಳೆಯುತ್ತದೆ ಅಂತ ಮುಂಚೆ ಹೇಳಲಾಗದು. ಅದಕ್ಕೆ ಪರಿಚಯದ ಮನೆಯಲ್ಲಿ, ತಾಯಿಯನ್ನು ಕಣ್ಣಾರೆ ನೋಡಿ ತನ್ನಿ. ತಾಯಿ ಮೊದಲು ಕೂಗಿ, ಮನೆಯವರು ಸುಮ್ನಿರು ಅಂದಾಗ ಸುಮ್ಮನಾಗಿ, ಆಮೇಲೆ ನಿಮ್ಮ ಕೈ ಮೂಸಿದರೆ ಅದರ ಮರಿ ತರಬಹುದು. ತಾಯಿ ಮೂಲೆಗೆ ಸರಿದು ಬಾಲ ಮುದುರಿ ಹಲ್ಲು ತೋರಿಸಿದರೆ ಬೇಡ. ಮರಿಗಳಲ್ಲಿ ಎಲ್ಲರಿಗಿಂತ ಮುಂದೆ ನುಗ್ಗುವುದೂ ಬೇಡ, ಹಿಂದೆ ಅಡಗುವುದೂ ಬೇಡ. ಚಮಚ ಬಿದ್ದ ಸದ್ದಿಗೆ ಬೆಚ್ಚಿ, ಒಂದು ಕ್ಷಣದಲ್ಲಿ ತಿರುಗಿ ಬಂದು ಏನದು ಅಂತ ಮೂಸುವ ಮರಿ ನನಗೆ ಇಷ್ಟ.

ಒಂದು ವಿಷಯಕ್ಕೆ ಮಾತ್ರ ನೀವು ತಯಾರಿರಬೇಕು. ಈಗ ತಂದ ಮರಿ ಬರುವ ಸುಗ್ಗಿಗೆ ಕಾವಲು ಆಗುವುದಿಲ್ಲ. ಮನೆ ನನ್ನದು ಅನ್ನುವ ಭಾವ ಎಂಟು ಹತ್ತು ತಿಂಗಳಿಗೆ ಚಿಗುರುತ್ತದೆ, ಗಟ್ಟಿಯಾಗಲು ಒಂದೂವರೆ ಎರಡು ವರ್ಷ ಬೇಕು. ಈ ಸಲವೇ ಬೇಕು ಅಂದರೆ ಎರಡು ಮೂರು ವರ್ಷದ ಬೆಳೆದ ಹೆಣ್ಣು ನಾಯಿ ಹುಡುಕಿ. ಊರು ಬಿಟ್ಟು ಹೋಗುವವರು ಎಷ್ಟೋ ಜನ ನಾಯಿಗೆ ಮನೆ ಹುಡುಕುತ್ತಿರುತ್ತಾರೆ. ಬೆಳೆದ ನಾಯಿಯ ಗುಣ ಎದುರಿಗೇ ಕಾಣುತ್ತದೆ, ಅದೇ ಅದರ ಲಾಭ. ಮಗನ ಜೊತೆ ಎರಡು ಮೂರು ಸಲ ಹೋಗಿ ಭೇಟಿ ಮಾಡಿಸಿ, ಆಮೇಲೆ ನಿರ್ಧಾರ ಮಾಡಿ. ಹೊಸ ಮನೆಗೆ ಒಗ್ಗಲು ಅದಕ್ಕೆ ಎರಡು ಮೂರು ತಿಂಗಳು ಕೊಡಿ. ಮೊದಲ ಹದಿನೈದು ದಿನದೊಳಗೆ ಹೊರಗೆ ಬಿಟ್ಟರೆ ಹಳೇ ಮನೆ ಹುಡುಕಿಕೊಂಡು ಹೊರಡುತ್ತದೆ, ಜಾಗ್ರತೆ.

ಎಲ್ಲಿ ಮಲಗಿಸುವುದು? ಇದು ನಾಯಿ ಯಾವುದು ಅನ್ನುವಷ್ಟೇ ದೊಡ್ಡ ಪ್ರಶ್ನೆ. ಕಾವಲು ನಾಯಿ ಅಂದರೆ ರಾತ್ರಿ ಅಂಗಳದಲ್ಲಿ ಬಿಡಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಿಮ್ಮ ಕಡೆ ಹಾಗೆ ಬಿಟ್ಟರೆ ಅದು ಚಿರತೆಗೆ ಊಟ. ಊರಂಚಿನ ಚಿರತೆಗೆ ನಾಯಿ ಸುಲಭದ ಬೇಟೆ. ಮಹಾರಾಷ್ಟ್ರದ ಅಕೋಲೆ ಕಡೆ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳು ಏನು ತಿನ್ನುತ್ತವೆ ಅಂತ ಅಧ್ಯಯನ ಮಾಡಿದಾಗ ಊಟದ ದೊಡ್ಡ ಪಾಲು ಸಾಕುನಾಯಿಯೇ ಆಗಿತ್ತು. ಯಾವ ಜಾತಿಯ ನಾಯಿ ತಂದರೂ ಚಿರತೆಗೆ ಎದುರು ನಿಲ್ಲುವುದಿಲ್ಲ. ಅಂಗಳದಲ್ಲಿ ನಾಯಿ ಬಿಟ್ಟರೆ ಚಿರತೆಯನ್ನು ನೀವೇ ಕರೆದ ಹಾಗೆ.

ಜಗಲಿಗೆ ಕಬ್ಬಿಣದ ಗ್ರಿಲ್ ಇದೆಯಾ? ಇದ್ದರೆ ನಾಯಿಯ ಜಾಗ ಅದರೊಳಗೆ. ಇಲ್ಲದಿದ್ದರೆ ನಾಯಿಗೆ ಕೊಡುವ ದುಡ್ಡಿನ ಮೊದಲು ಗ್ರಿಲ್ ಹಾಕಿಸಿ. ಅಲ್ಲಿಂದ ಅದಕ್ಕೆ ಅಂಗಳ ಕಾಣುತ್ತದೆ, ಸದ್ದು ಕೇಳುತ್ತದೆ, ವಾಸನೆ ಸಿಗುತ್ತದೆ. ಕೂಗಿದರೆ ನಿಮ್ಮ ಕಿವಿಗೇ ಬರುತ್ತದೆ. ಚಿರತೆಗೆ ಎಟುಕುವುದಿಲ್ಲ. ವಿಷ ಸವರಿದ ಮಾಂಸ ಎಸೆದು ನಾಯಿ ಕೊಲ್ಲುವುದು ನಮ್ಮ ಕಡೆ ನಡೆಯುತ್ತದೆ. ಗದ್ದೆಗೆ ಹಾಕುವ ಕೀಟನಾಶಕವೇ ಸಾಕು. ಜೊಲ್ಲು ಸುರಿಸಿ ನಡುಗುತ್ತಾ ಬಂದ ಅಂಥ ನಾಯಿಗಳಲ್ಲಿ ಕೆಲವನ್ನು ಅಟ್ರೋಪಿನ್ ಅನ್ನುವ ಔಷಧಿ ಕೊಟ್ಟು ಉಳಿಸಿದ್ದೇನೆ, ಉಳಿಸಲು ಆಗದೇ ಹೋದವೂ ಇವೆ. ಹೊರಗಿನವರು ಕೊಟ್ಟದ್ದು ತಿನ್ನದ ಹಾಗೆ ನಾಯಿಗೆ ಕಲಿಸಬಹುದು ಅನ್ನುತ್ತಾರೆ. ಕಲಿಸಿ, ಆದರೆ ಅದನ್ನೇ ನಂಬಿಕೊಂಡಿರಬೇಡಿ. ಗ್ರಿಲ್‌ನೊಳಗೆ ಗೋಡೆ ಪಕ್ಕ, ಹೊರಗಿನಿಂದ ಕೈ ಎಸೆತಕ್ಕೆ ಸಿಗದ ಮೂಲೆಯಲ್ಲಿ ಗೋಣಿ ಹಾಸಿ. ರಾತ್ರಿಯ ಊಟ ಹೊಟ್ಟೆ ತುಂಬ ಹಾಕಿಯೇ ಮಲಗಿಸಿ.

ಹಗಲು ಸುಲಿಯುವವರು ಇರುವಾಗ ಕಟ್ಟಲೇಬೇಕಾದರೆ ಹಿತ್ತಿಲಿನಲ್ಲಿ ಎರಡು ಮರದ ನಡುವೆ ಮೂವತ್ತು ನಲವತ್ತು ಅಡಿ ತಂತಿ ಎಳೆದು, ಅದಕ್ಕೆ ಬಳೆ ಹಾಕಿ, ಬಳೆಗೆ ಹಗುರ ಹಗ್ಗ ಕಟ್ಟಿ. ನಾಯಿ ಅತ್ತಿತ್ತ ಓಡಾಡಬಹುದು. ನೆರಳು, ನೀರು ಇರಲಿ.

ಕಲಿಸಬೇಕಾದ್ದು ಹೆಚ್ಚೇನಿಲ್ಲ. ಕರೆದರೆ ಬರಬೇಕು. ಸಾಕು ಅಂದರೆ ಕೂಗು ನಿಲ್ಲಿಸಬೇಕು. ಅದು ಕೂಗಿದಾಗಲೆಲ್ಲ ಒಮ್ಮೆ ಎದ್ದು ಹೋಗಿ ನೋಡಿ, ತಲೆ ಸವರಿ ಸಾಕು ಅನ್ನಿ. ಬರೀ ಬೆಕ್ಕು ಆಗಿದ್ದರೂ ಹೋಗಿ. ನೀವು ಬಂದು ನೋಡುತ್ತೀರಿ ಅಂತ ಅದಕ್ಕೆ ಗೊತ್ತಾದರೆ ಬೇಕಾದಾಗ ಮಾತ್ರ ಕೂಗಲು ಕಲಿಯುತ್ತದೆ. ಎದ್ದು ನೋಡುವುದು ಅಂದರೆ ಗ್ರಿಲ್ ಒಳಗಿನಿಂದ. ಯಾರಿದ್ದಾರೆ ಅಂತ ಬಾಗಿಲು ತೆಗೆದು ಹೊರಗೆ ಹೋಗಬೇಡಿ. ಎಲ್ಲ ದೀಪ ಹಾಕಿ, ಪಕ್ಕದ ಮನೆಗೆ ಫೋನ್ ಮಾಡಿ, 112ಕ್ಕೆ ಕರೆ ಮಾಡಿ.

ಮಗನ ವಿಷಯ. ಮಕ್ಕಳನ್ನು ಕಚ್ಚುವುದು ಬಹಳ ಸಲ ಗೊತ್ತಿರುವ ನಾಯಿಯೇ. ಊಟ ಮಾಡುವಾಗ, ಮಲಗಿದ್ದಾಗ ಮುಟ್ಟಬಾರದು, ಮುಖಕ್ಕೆ ಮುಖ ಕೊಡಬಾರದು, ಛೂ ಅಂತ ಯಾರ ಮೇಲೂ ಬಿಡುವ ಆಟ ಆಡಬಾರದು. ಇಷ್ಟನ್ನು ಅವನಿಗೆ ಮೊದಲೇ ಹೇಳಿಕೊಡಿ. ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ, ಎಷ್ಟೇ ಸಾಧು ಆಗಿದ್ದರೂ.

ರೇಬೀಸ್ ಲಸಿಕೆ ಮೂರನೇ ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದ ಹಾಗೆ ಮತ್ತೊಂದು, ನಂತರ ಪ್ರತಿ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರ ನಡೆಯುತ್ತದೆ, ವಿಚಾರಿಸಿ. ಲಸಿಕೆ ಪುಸ್ತಕ ಜೋಪಾನ ಮಾಡಿ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲ ಅನ್ನುವಷ್ಟು ಅಪರೂಪ. ಇನ್ನು 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡ್ ಹಾಕಿ, ಒಳ್ಳೆಯದೇ. ಆದರೆ ಬೋರ್ಡ್ ಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಸಾಕಿದ ಪ್ರಾಣಿಯನ್ನು ಹಿಡಿತದಲ್ಲಿಡದೆ ಅಸಡ್ಡೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಊಟಕ್ಕೆ ಅನ್ನ ಅಥವಾ ರಾಗಿ ಮುದ್ದೆಯ ಜೊತೆ ದಿನಾ ಒಂದು ಮೊಟ್ಟೆ ಇಲ್ಲವೇ ಬೇಯಿಸಿದ ಮಾಂಸ, ಮೀನು ಬೇಕು. ಬರೀ ಅನ್ನ ಮಜ್ಜಿಗೆಯಲ್ಲಿ ಮರಿ ಬೆಳೆಯುವುದಿಲ್ಲ. ಬೇಯಿಸಿದ ಮೂಳೆ ಹಾಕಬೇಡಿ, ಚೂರಾಗಿ ಕರುಳಿಗೆ ಚುಚ್ಚುತ್ತದೆ. ಉಣ್ಣೆಗೆ ಔಷಧಿ ಮಳೆಗಾಲಕ್ಕೆ ಮುಂಚೆಯೇ ಶುರು ಮಾಡಿ.

ಮರಿ ತರುವುದಾದರೆ ಶನಿವಾರ ತನ್ನಿ, ಯಜಮಾನರು ಮನೆಯಲ್ಲಿರುವಾಗ. ಅದು ತಾಯಿ ಜೊತೆ ಮಲಗಿದ್ದ ಗೋಣಿಯ ಒಂದು ತುಂಡನ್ನೂ ಕೇಳಿ ತನ್ನಿ. ಮೊದಲ ಎರಡು ಮೂರು ರಾತ್ರಿ ಅಳುತ್ತದೆ. ಆ ಗೋಣಿಯನ್ನು ಹಾಸಿ, ನಿಮ್ಮಲ್ಲಿ ಯಾರಾದರೂ ಒಬ್ಬರು ಜಗಲಿಯಲ್ಲೇ ಅದರ ಪಕ್ಕ ಮಲಗಿ.